ಕುರ್‌ಆನ್ ಓದುವ ಬಗೆ: ನಸ್ರ್ ಹಾಮಿದ್ ಅಬೂ ಝೈದ್ ಎತ್ತಿದ ಪ್ರಶ್ನೆ

(ಉಪನ್ಯಾಸದ ಬರಹರೂಪ)

1995ರ ಜೂನ್ 14ರಂದು ಈಜಿಪ್ಟಿನ ರಾಜಧಾನಿ ಕೈರೋದ ಮೇಲ್ಮನವಿ ನ್ಯಾಯಾಲಯ ಒಂದು ಮದುವೆಯನ್ನು ರದ್ದುಗೊಳಿಸಿತು. ವಿಚ್ಛೇದನ ಬೇಕೆಂದು ಗಂಡ ಕೇಳಿರಲಿಲ್ಲ; ಹೆಂಡತಿಯೂ ಕೇಳಿರಲಿಲ್ಲ. ಇಬ್ಬರೂ ಕೈರೋ ವಿಶ್ವವಿದ್ಯಾಲಯದ ಅಧ್ಯಾಪಕರು. ದಾವೆ ಹೂಡಿದವರು ಈ ದಂಪತಿಗೆ ನಂಟರಲ್ಲ, ನೆರೆಯವರಲ್ಲ. ಯಾರೋ ಕೆಲವರು ವಕೀಲರು. ಗಂಡ ಬರೆದ ಪುಸ್ತಕಗಳನ್ನು ನೋಡಿದರೆ ಆತ ಇಸ್ಲಾಮನ್ನು ತೊರೆದಿರುವುದು ಸ್ಪಷ್ಟ, ಧರ್ಮ ತೊರೆದವನೊಡನೆ ಮುಸ್ಲಿಂ ಹೆಣ್ಣುಮಗಳು ಸಂಸಾರ ಮಾಡುವಂತಿಲ್ಲ, ಆದ್ದರಿಂದ ಇಬ್ಬರನ್ನೂ ಬೇರ್ಪಡಿಸಬೇಕು ಎಂಬುದು ಅವರ ವಾದ. ನ್ಯಾಯಾಲಯ ಅದನ್ನು ಒಪ್ಪಿತು.

ಗಂಡನ ಹೆಸರು ನಸ್ರ್ ಹಾಮಿದ್ ಅಬೂ ಝೈದ್, ಅರಬ್ಬೀ ಭಾಷೆ ಮತ್ತು ಸಾಹಿತ್ಯದ ಪ್ರಾಧ್ಯಾಪಕ. ಹೆಂಡತಿ ಇಬ್ತಿಹಾಲ್ ಯೂನಿಸ್, ಫ್ರೆಂಚ್ ಸಾಹಿತ್ಯದ ಪ್ರಾಧ್ಯಾಪಕಿ. ತಾನು ಮುಸ್ಲಿಮನೆಂದೇ ಅಬೂ ಝೈದ್ ಮೊದಲಿನಿಂದ ಕೊನೆಯವರೆಗೆ ಹೇಳುತ್ತ ಬಂದರು. ಕುರ್‌ಆನ್ ದೇವವಾಣಿಯಲ್ಲವೆಂದು ಅವರು ಎಲ್ಲಿಯೂ ಬರೆದಿಲ್ಲ. ಆ ವಾಣಿಯನ್ನು ಮನುಷ್ಯ ಹೇಗೆ ಓದಬೇಕು ಎಂದಷ್ಟೇ ಕೇಳಿದ್ದರು. ಇಷ್ಟಕ್ಕೆ ಇಂಥ ಬೆಲೆ ಏಕೆ ತೆರಬೇಕಾಯಿತು ಎಂಬುದನ್ನು ತಿಳಿಯಬೇಕಾದರೆ ಆ ಪ್ರಶ್ನೆಯ ಒಳಹೊಕ್ಕು ನೋಡಬೇಕಾಗುತ್ತದೆ.

ಅಬೂ ಝೈದ್ ಹುಟ್ಟಿದ್ದು 1943ರಲ್ಲಿ, ನೈಲ್ ನದಿಯ ಮುಖಜಭೂಮಿಯಲ್ಲಿರುವ ತಾಂತಾ ಪಟ್ಟಣದ ಸಮೀಪದ ಕುಹಾಫಾ ಎಂಬ ಹಳ್ಳಿಯಲ್ಲಿ. ಎಂಟು ವರ್ಷ ತುಂಬುವಷ್ಟರಲ್ಲಿ ಇಡೀ ಕುರ್‌ಆನ್ ಬಾಯಿಪಾಠವಾಗಿತ್ತು. ಹದಿಹರೆಯದಲ್ಲೇ ತಂದೆ ತೀರಿಕೊಂಡದ್ದರಿಂದ ಮನೆಯ ಭಾರ ಹೆಗಲಿಗೆ ಬಿತ್ತು. ತಾಂತ್ರಿಕ ಶಾಲೆಯಲ್ಲಿ ಕಲಿತು, ಕೈರೋದಲ್ಲಿ ಸರ್ಕಾರದ ದೂರಸಂಪರ್ಕ ಇಲಾಖೆಯಲ್ಲಿ ತಂತ್ರಜ್ಞನಾಗಿ ದುಡಿದು, ನೌಕರಿಯ ನಡುವೆಯೇ ಓದು ಮುಂದುವರಿಸಿ 1972ರಲ್ಲಿ ಪದವಿ ಪಡೆದರು. ಆಗ ಅವರಿಗೆ 29 ವರ್ಷ. ತಂತಿ ಮತ್ತು ಸಂಕೇತಗಳ ಉದ್ಯೋಗದಲ್ಲಿ ಹತ್ತಾರು ವರ್ಷ ಕಳೆದವರು ಮುಂದೆ ದೇವವಾಣಿಯನ್ನು ಕೂಡ ಕಳಿಸುವವನು, ಪಡೆಯುವವನು, ನಡುವೆ ಒಂದು ಸಂಕೇತವ್ಯವಸ್ಥೆ ಎಂಬ ಮಾತುಗಳಲ್ಲಿ ವಿವರಿಸಿದ್ದು ಆಕಸ್ಮಿಕವಿರಬಹುದು. ಆದರೂ ಸ್ವಾರಸ್ಯದ ಆಕಸ್ಮಿಕ.

ವಿಭಾಗದಲ್ಲಿ ಅಧ್ಯಾಪಕನಾಗಬೇಕಾದರೆ ಕುರ್‌ಆನ್ ಅಧ್ಯಯನವನ್ನೇ ವಿಷಯವಾಗಿ ಆರಿಸಿಕೊಳ್ಳಬೇಕೆಂದು ಹಿರಿಯರು ಹೇಳಿದಾಗ ಅಬೂ ಝೈದ್ ಹಿಂಜರಿದರಂತೆ. ಹಿಂಜರಿಕೆಗೆ ಕಾರಣವಿತ್ತು. 1926ರಲ್ಲಿ ತಾಹಾ ಹುಸೇನ್ ಇಸ್ಲಾಂಪೂರ್ವ ಕಾವ್ಯವನ್ನು ಕುರಿತು ಬರೆದ ಪುಸ್ತಕ ಎಬ್ಬಿಸಿದ ಬಿರುಗಾಳಿ ಇದೇ ವಿಶ್ವವಿದ್ಯಾಲಯದಲ್ಲಿ ಬೀಸಿತ್ತು. ಅನಂತರ ಅಮೀನ್ ಅಲ್-ಖೂಲೀ ಎಂಬ ವಿದ್ವಾಂಸರು ಕುರ್‌ಆನ್ ಅರಬ್ಬೀ ಭಾಷೆಯ ಮಹಾಗ್ರಂಥವಾದ್ದರಿಂದ ಅದನ್ನು ಮೊದಲು ಸಾಹಿತ್ಯವಾಗಿ ಓದಬೇಕು, ಕಾನೂನು, ತತ್ವ ಎಲ್ಲವೂ ಆಮೇಲೆ ಎಂಬ ವಿಧಾನವನ್ನು ರೂಪಿಸಿದರು. ಅವರ ಶಿಷ್ಯ ಮುಹಮ್ಮದ್ ಅಹ್ಮದ್ ಖಲಫುಲ್ಲಾ 1947ರಲ್ಲಿ ಕುರ್‌ಆನಿನ ಕಥನಕಲೆಯನ್ನು ಕುರಿತು ಮಹಾಪ್ರಬಂಧ ಸಲ್ಲಿಸಿದರು. ಅಲ್ಲಿ ಬರುವ ಕಥೆಗಳ ಉದ್ದೇಶ ನೀತಿಬೋಧೆ, ಇತಿಹಾಸದ ದಾಖಲೆಯಲ್ಲ ಎಂಬುದು ಅದರ ವಾದ. ಪ್ರಬಂಧ ತಿರಸ್ಕೃತವಾಯಿತು, ಖಲಫುಲ್ಲಾ ವಿಶ್ವವಿದ್ಯಾಲಯದಿಂದ ಹೊರಹೋಗಬೇಕಾಯಿತು. ಗುರುವಿಗೂ ಕುರ್‌ಆನ್ ವಿಷಯದಲ್ಲಿ ಮಾರ್ಗದರ್ಶನ ಮಾಡದಂತೆ ನಿರ್ಬಂಧ ಬಂತು. ಹೀಗೆ ಖಾಲಿ ಬಿದ್ದಿದ್ದ ಗದ್ದುಗೆಗೆ ಅಬೂ ಝೈದರನ್ನು ಕರೆದದ್ದು.

ಅವರು ಒಪ್ಪಿಕೊಂಡರು. ಎಂ.ಎ. ಪ್ರಬಂಧ ಮುತಝಿಲಾ ಪಂಥದವರ ಮೇಲೆ, ಪಿಎಚ್.ಡಿ. ಪ್ರಬಂಧ ಸೂಫಿ ಚಿಂತಕ ಇಬ್ನ್ ಅರಬಿಯ ಮೇಲೆ. ಈ ಎರಡೂ ಅಧ್ಯಯನಗಳಿಂದ ಅವರು ಒಂದೇ ಪಾಠ ಕಲಿತರು: ಓದುಗ ಎಂದೂ ಖಾಲಿ ಕೈಯಲ್ಲಿ ಗ್ರಂಥದ ಬಳಿಗೆ ಹೋಗುವುದಿಲ್ಲ. ಮುತಝಿಲಾಗಳ ಪಾಲಿಗೆ ವಿಚಾರಶಕ್ತಿಯೇ ಅಳತೆಗೋಲು. ದೇವರ ಕೈ, ದೇವರ ಸಿಂಹಾಸನ ಎಂಬ ಮಾತುಗಳು ಬಂದಾಗ ಅವರು ಅವನ್ನು ರೂಪಕವೆಂದು ಅರ್ಥೈಸಿದರು. ಎದುರು ಪಕ್ಷದವರು ಅದೇ ವಾಕ್ಯವನ್ನು ಇದ್ದದ್ದು ಇದ್ದ ಹಾಗೆ ನಂಬಬೇಕೆಂದರು. ಯಾವ ಆಯತ್ ಸ್ಪಷ್ಟ, ಯಾವುದು ಅಸ್ಪಷ್ಟ ಎಂಬಲ್ಲಿಯೇ ಜಗಳ: ಒಬ್ಬರಿಗೆ ಸ್ಪಷ್ಟವಾದದ್ದು ಇನ್ನೊಬ್ಬರಿಗೆ ಅಸ್ಪಷ್ಟ!

ಪುಸ್ತಕದಲ್ಲಿ ಕಂಡ ಈ ಸಂಗತಿಯನ್ನು ಅವರು ತಮ್ಮ ಕಣ್ಣೆದುರೇ ನೋಡಿದ್ದರು. ನಾಸರ್ ಆಳ್ವಿಕೆಯ 1960ರ ದಶಕದಲ್ಲಿ ಈಜಿಪ್ಟಿನ ಧಾರ್ಮಿಕ ವೇದಿಕೆಗಳಿಂದ ಕೇಳುತ್ತಿದ್ದುದು ಇಸ್ಲಾಂ ಎಂದರೆ ಸಾಮಾಜಿಕ ನ್ಯಾಯ, ಸಮಾಜವಾದ, ಇಸ್ರೇಲಿನ ವಿರುದ್ಧ ಹೋರಾಟ. ಸಾದಾತ್ ಬಂದರು, ಆರ್ಥಿಕ ನೀತಿ ಬದಲಾಯಿತು, ಇಸ್ರೇಲಿನೊಡನೆ 1979ರಲ್ಲಿ ಶಾಂತಿ ಒಪ್ಪಂದವಾಯಿತು. ಈಗ ಇಸ್ಲಾಂ ಖಾಸಗಿ ಆಸ್ತಿಯ ರಕ್ಷಕ, ಶಾಂತಿಯ ಧರ್ಮ! ಗ್ರಂಥ ಅದೇ, ಆಯತ್‌ಗಳು ಅವೇ. ಯಾರದೋ ಅಗತ್ಯಕ್ಕೆ ತಕ್ಕಂತೆ ಗ್ರಂಥಕ್ಕೆ ಬಣ್ಣ ಬಳಿಯುವ ಈ ಕೆಲಸಕ್ಕೆ ಅಬೂ ಝೈದ್ ‘ತಲ್ವೀನ್’ ಎಂದು ಹೆಸರಿಟ್ಟರು. ಅರಬ್ಬಿಯಲ್ಲಿ ಬಣ್ಣ ಹಚ್ಚುವುದು ಎಂದೇ ಅದರ ಅರ್ಥ. ‘ತಾವೀಲ್’, ಅಂದರೆ ನಿಜವಾದ ವ್ಯಾಖ್ಯಾನ ಬೇರೆ, ತಲ್ವೀನ್ ಬೇರೆ. ಮೂಲಭೂತವಾದಿಗಳನ್ನು ಮಾತ್ರ ಅವರು ಈ ಮಾತಿನಿಂದ ತಿವಿಯಲಿಲ್ಲ. ಎಡಪಂಥೀಯ ಇಸ್ಲಾಮನ್ನು ಕಟ್ಟಹೊರಟ ತಮ್ಮ ಹಿರಿಯ ಚಿಂತಕ ಹಸನ್ ಹನಫಿ ಅವರನ್ನೂ ಬಿಡಲಿಲ್ಲ. ತಮ್ಮ ಕಡೆಯವರ ಬಣ್ಣವೂ ಬಣ್ಣವೇ ಎಂದು ಹೇಳುವ ಪ್ರಾಮಾಣಿಕತೆ ಇಂಥ ವಾದವಿವಾದಗಳಲ್ಲಿ ಅಪರೂಪ.

ಹಾಗಾದರೆ ಬಣ್ಣ ಬಳಿಯದೆ ಓದುವುದು ಹೇಗೆ? ಇದಕ್ಕೆ ಉತ್ತರವಾಗಿ ಬಂದದ್ದು 1990ರಲ್ಲಿ ಪ್ರಕಟವಾದ ‘ಮಫ್‌ಹೂಮ್ ಅಲ್-ನಸ್’, ಅಂದರೆ ‘ಪಠ್ಯದ ಪರಿಕಲ್ಪನೆ’ ಎಂಬ ಗ್ರಂಥ. ಜಪಾನಿನ ಒಸಾಕಾದಲ್ಲಿ ಅಧ್ಯಾಪಕರಾಗಿದ್ದ ನಾಲ್ಕು ವರ್ಷಗಳಲ್ಲಿ ಅವರು ಇದನ್ನು ಸಿದ್ಧಪಡಿಸಿದರು. ವಾದದ ಎಲುಬು ಹೀಗಿದೆ. ದೇವರು ಮನುಷ್ಯರೊಡನೆ ಮಾತಾಡಲು ಇಚ್ಛಿಸಿದಾಗ ಮನುಷ್ಯರ ಭಾಷೆಯನ್ನೇ ಆರಿಸಿಕೊಂಡ. ಕುರ್‌ಆನಿನ ಸಂದರ್ಭದಲ್ಲಿ ಅದು ಏಳನೆಯ ಶತಮಾನದ ಅರೇಬಿಯದ ಅರಬ್ಬೀ ಭಾಷೆ. ಭಾಷೆ ಎಂದಮೇಲೆ ಅದರ ಬೆನ್ನಿಗೆ ಒಂದು ಜನ, ಅವರ ವ್ಯಾಪಾರ, ಒಂಟೆ, ಮರುಭೂಮಿ, ಕುಲವೈರ, ಕಾವ್ಯ, ನಂಬಿಕೆ ಎಲ್ಲವೂ ಬರುತ್ತವೆ. ಕಳಿಸಿದಾತ ಮನುಷ್ಯನ ಅಧ್ಯಯನಕ್ಕೆ ನಿಲುಕುವವನಲ್ಲ. ಅದು ಶ್ರದ್ಧೆಗೆ ಬಿಟ್ಟದ್ದು. ಆದರೆ ಸಂದೇಶದ ಭಾಷೆ ಮತ್ತು ಅದನ್ನು ಪಡೆದ ಸಮಾಜ ಅಧ್ಯಯನಕ್ಕೆ ಖಂಡಿತ ನಿಲುಕುತ್ತವೆ. ಆದ್ದರಿಂದ ಓದು ಅಲ್ಲಿಂದ ಆರಂಭವಾಗಬೇಕು. ಹಳಗನ್ನಡ ಕಾವ್ಯದ ಒಂದು ಪದಕ್ಕೆ ಇಂದಿನ ಅರ್ಥ ಹಚ್ಚಿ ಓದಿದವನು ಎಲ್ಲಿ ಎಡವುತ್ತಾನೆಂದು ಕನ್ನಡದ ಓದುಗರಿಗೆ ಹೇಳಬೇಕಾಗಿಲ್ಲ.

ಈ ಅರ್ಥದಲ್ಲಿ ಕುರ್‌ಆನ್ ಒಂದು ‘ಸಾಂಸ್ಕೃತಿಕ ಉತ್ಪನ್ನ’ ಎಂದು ಅವರು ಬರೆದರು. ಮುಂದೆ ಕೋಲಾಹಲವೆಬ್ಬಿಸಿದ್ದು ಈ ಎರಡು ಪದಗಳು. ಅವರು ಅಲ್ಲಿಗೇ ನಿಲ್ಲಿಸಿರಲಿಲ್ಲ. ಇಪ್ಪತ್ತಮೂರು ವರ್ಷಗಳ ಕಾಲ ಆ ಸಂಸ್ಕೃತಿಯ ಒಡಲಲ್ಲಿ ರೂಪುಗೊಂಡ ಪಠ್ಯ ಅನಂತರ ತಾನೇ ಹೊಸ ಸಂಸ್ಕೃತಿಯನ್ನು ನಿರ್ಮಿಸಿತು, ಹಳೆಯದನ್ನು ಪಡೆದು ಹೊಸದನ್ನು ಕೊಟ್ಟಿತು ಎಂಬ ಎರಡನೆಯ ಅರ್ಧವೂ ಆ ಮಾತಿಗೆ ಇತ್ತು. ಎದುರಾಳಿಗಳು ಮೊದಲರ್ಧವನ್ನು ಎತ್ತಿಕೊಂಡು ಎರಡನೆಯದನ್ನು ಬಿಟ್ಟುಬಿಟ್ಟರು.

ಇದಕ್ಕೆ ಅವರು ಒದಗಿಸಿದ ಸಾಕ್ಷ್ಯಗಳು ಹೊರಗಿನವಲ್ಲ ಎಂಬುದನ್ನು ಗಮನಿಸಬೇಕು. ಝರ್ಕಶಿ, ಸುಯೂತಿ ಮೊದಲಾದ ಮಧ್ಯಯುಗದ ಪಂಡಿತರು ಕುರ್‌ಆನ್ ಶಾಸ್ತ್ರಗಳೆಂಬ ದೊಡ್ಡ ವಿದ್ಯಾಶಾಖೆಯನ್ನೇ ಬೆಳೆಸಿದ್ದರು. ಯಾವ ಆಯತ್ ಮಕ್ಕಾದಲ್ಲಿ ಅವತರಿಸಿತು, ಯಾವುದು ಮದೀನಾದಲ್ಲಿ. ಯಾವ ಘಟನೆಗೆ, ಯಾರ ಪ್ರಶ್ನೆಗೆ ಉತ್ತರವಾಗಿ ಬಂತು. ಯಾವ ಆಜ್ಞೆಯನ್ನು ಮುಂದಿನ ಯಾವ ಆಜ್ಞೆ ರದ್ದುಪಡಿಸಿತು - ಇವೆಲ್ಲ ಆ ಶಾಸ್ತ್ರದ ನಿತ್ಯದ ವಿಷಯಗಳು. ಸನ್ನಿವೇಶಕ್ಕೂ ದಿವ್ಯವಾಣಿಗೂ ಸಂಬಂಧವೇ ಇಲ್ಲದಿದ್ದರೆ ಈ ಶಾಸ್ತ್ರವಾದರೂ ಏಕೆ ಬೇಕಿತ್ತು ಎಂದು ಅಬೂ ಝೈದ್ ಕೇಳಿದರು. ಅದೇ ಝರ್ಕಶಿಯ ಗ್ರಂಥದಲ್ಲಿ, ಕುರ್‌ಆನ್ ಸ್ವರ್ಗದ ರಕ್ಷಿತ ಫಲಕದ ಮೇಲೆ ಅನಾದಿಯಿಂದ ಬರೆದಿದೆ, ಒಂದೊಂದು ಅಕ್ಷರವೂ ಕಾಫ್ ಪರ್ವತದಷ್ಟು ದೊಡ್ಡದು ಎಂಬ ಅಭಿಪ್ರಾಯವೂ ದಾಖಲಾಗಿದೆ. ಒಂದು ಕಡೆ ಪರ್ವತದಂಥ ಅಕ್ಷರ, ಇನ್ನೊಂದು ಕಡೆ ಮದೀನಾದ ಬೀದಿಯಲ್ಲಿ ಯಾರೋ ಕೇಳಿದ ಪ್ರಶ್ನೆಗೆ ಬಂದ ಉತ್ತರ. ಇವೆರಡೂ ಒಂದೇ ಹೊದಿಕೆಯೊಳಗೆ ಮಲಗಿದ್ದವು. ಅಬೂ ಝೈದ್ ಹೊದಿಕೆ ಎಳೆದರು, ಅಷ್ಟೆ.

ಇಲ್ಲಿ ಹಳೆಯ ಇತಿಹಾಸವೊಂದು ನೆನಪಾಗುತ್ತದೆ. ಕುರ್‌ಆನ್ ದೇವರಷ್ಟೇ ಅನಾದಿಯೇ, ಅಥವಾ ಕಾಲದಲ್ಲಿ ದೇವರು ಸೃಷ್ಟಿಸಿದ್ದೇ ಎಂಬ ಪ್ರಶ್ನೆ ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದನ್ನು ಅಲ್ಲಾಡಿಸಿತ್ತು. ಸೃಷ್ಟಿಸಿದ್ದು ಎಂದವರು ಮುತಝಿಲಾಗಳು. ಖಲೀಫ ಅಲ್-ಮಾಮೂನ್ 833ರಲ್ಲಿ ಅವರ ಪಕ್ಷ ವಹಿಸಿ, ಒಪ್ಪದ ಪಂಡಿತರನ್ನು ವಿಚಾರಣೆಗೆ ಗುರಿಪಡಿಸಿದ. ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಸೆರೆಮನೆ ಕಂಡರು, ಏಟು ತಿಂದರು, ಜಗ್ಗಲಿಲ್ಲ. ಕೆಲವೇ ವರ್ಷಗಳಲ್ಲಿ ಗಾಳಿ ತಿರುಗಿ ಅನಾದಿ ಎಂಬ ಮತವೇ ನೆಲೆಗೊಂಡಿತು. ವಿಚಾರವಾದಿಗಳೆನಿಸಿಕೊಂಡವರೇ ಅಧಿಕಾರದ ಕೋಲು ಹಿಡಿದಿದ್ದರೆಂಬುದನ್ನು ಮುತಝಿಲಾಗಳನ್ನು ಮೆಚ್ಚುವವರು ಮರೆಯುವಂತಿಲ್ಲ. ಅಬೂ ಝೈದ್ ಮುತಝಿಲಾ ವಾದವನ್ನು ಮತ್ತೆ ಮುಂದಕ್ಕೆ ತಂದರು. ಅದಕ್ಕೊಂದು ಹರಿತವಾದ ಹೋಲಿಕೆಯನ್ನೂ ಸೇರಿಸಿದರು. ಕ್ರೈಸ್ತರು ಯೇಸುವಿನಲ್ಲಿ ದೈವ ಮತ್ತು ಮಾನುಷ ಎರಡೂ ಸ್ವಭಾವಗಳನ್ನು ಕಾಣುತ್ತಾರೆ. ಮುಸ್ಲಿಮರು ಆತನ ಮಾನುಷ ಸ್ವಭಾವವನ್ನಷ್ಟೇ ಒಪ್ಪುತ್ತಾರೆ. ಆದರೆ ಕುರ್‌ಆನಿನ ವಿಷಯಕ್ಕೆ ಬಂದಾಗ ಅದೇ ಮುಸ್ಲಿಮರು ಅದರ ಮಾನುಷ ಮುಖವನ್ನು ಕಾಣಲು ಒಲ್ಲರೇಕೆ?

ಸಿದ್ಧಾಂತ ಏನೇ ಇರಲಿ, ಸಾಮಾನ್ಯ ಜನರ ಬದುಕಿಗೆ ತಟ್ಟುವುದು ಅದರ ಪರಿಣಾಮ. ಅಬೂ ಝೈದ್ ಇಲ್ಲಿ ಅಮೆರಿಕದ ಸಾಹಿತ್ಯ ಮೀಮಾಂಸಕ ಇ.ಡಿ. ಹರ್ಷ್ ಅವರಿಂದ ಒಂದು ಭೇದವನ್ನು ಎರವಲು ಪಡೆದರು. ‘ಮಅನಾ’ ಎಂದರೆ ಪಠ್ಯಕ್ಕೆ ಅದರ ಕಾಲದಲ್ಲಿದ್ದ ಅರ್ಥ. ‘ಮಘ್ಝಾ’ ಎಂದರೆ ಆ ಅರ್ಥ ಇಂದಿಗೆ ತೋರುವ ತಾತ್ಪರ್ಯ. ಮೊದಲನೆಯದು ಇತಿಹಾಸದಿಂದ ನಿಶ್ಚಿತವಾಗಬೇಕು. ಎರಡನೆಯದು ಕಾಲ ಸರಿದಂತೆ ಸರಿಯುತ್ತದೆ, ಆದರೆ ಮೊದಲನೆಯದರ ಹಗ್ಗ ಬಿಟ್ಟು ಸರಿಯುವಂತಿಲ್ಲ.

ಆಸ್ತಿ ಹಂಚಿಕೆಯ ಉದಾಹರಣೆ ನೋಡಿ. ಕುರ್‌ಆನಿನ ನಾಲ್ಕನೆಯ ಅಧ್ಯಾಯದ ಪ್ರಕಾರ ಮಗನಿಗೆ ಇಬ್ಬರು ಹೆಣ್ಣುಮಕ್ಕಳಷ್ಟು ಪಾಲು. ಇಂದಿನ ಕಣ್ಣಿಗೆ ಇದು ಹೆಣ್ಣಿಗೆ ಅರ್ಧ ಮಾತ್ರ ಎಂದು ಕಾಣುತ್ತದೆ. ಆದರೆ ಕುಲದ ಯುದ್ಧದಲ್ಲಿ ಕತ್ತಿ ಹಿಡಿಯುವ ಗಂಡಸಿಗೇ ಆಸ್ತಿ ಎನ್ನುತ್ತಿದ್ದ ಸಮಾಜದಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ ಏನೂ ದಕ್ಕುತ್ತಿರಲಿಲ್ಲ. ಏನೂ ಇಲ್ಲದಿದ್ದವಳಿಗೆ ನಿಶ್ಚಿತ ಪಾಲನ್ನು ಹಕ್ಕಾಗಿ ಕೊಡುವುದು, ಎಲ್ಲವನ್ನೂ ಪಡೆಯುತ್ತಿದ್ದ ಗಂಡಸಿಗೆ ಮಿತಿ ಹಾಕುವುದು ಆ ಆಜ್ಞೆಯ ಅರ್ಥ. ಹಾಗಾದರೆ ಹೆಜ್ಜೆ ಯಾವ ದಿಕ್ಕಿಗೆ? ಸಮಾನತೆಯ ದಿಕ್ಕಿಗೆ. ಆ ದಿಕ್ಕಿನಲ್ಲಿ ಮುಂದೆ ನಡೆಯುವುದೇ ತಾತ್ಪರ್ಯಕ್ಕೆ ನಿಷ್ಠವಾಗಿರುವುದು, ಇಟ್ಟ ಹೆಜ್ಜೆಯ ಗುರುತಿನ ಮೇಲೆಯೇ ಸಾವಿರದ ನಾನೂರು ವರ್ಷ ನಿಲ್ಲುವುದಲ್ಲ.

ಬಹುಪತ್ನಿತ್ವದ ವಿಷಯವೂ ಹಾಗೆಯೇ. ನಾಲ್ವರವರೆಗೆ ಮದುವೆಗೆ ಅನುಮತಿ ನೀಡುವ ಆಯತ್ ಶುರುವಾಗುವುದೇ ಅನಾಥರಿಗೆ ನ್ಯಾಯ ಸಲ್ಲಿಸಲಾರೆವೆಂಬ ಭಯದ ಪ್ರಸ್ತಾಪದಿಂದ. 625ರ ಉಹುದ್ ಯುದ್ಧದಲ್ಲಿ ಹಲವು ಮುಸ್ಲಿಮರು ಸತ್ತು ವಿಧವೆಯರೂ ಅನಾಥರೂ ಉಳಿದ ಸಂದರ್ಭಕ್ಕೆ ವ್ಯಾಖ್ಯಾನಕಾರರು ಅದನ್ನು ಜೋಡಿಸುತ್ತಾರೆ. ಅನಾಥರ ಕುರಿತಾದ ಮಾತಿನಿಂದ ಬಾಲವೊಂದನ್ನು ಕತ್ತರಿಸಿ ಗಂಡಸಿನ ಸಾರ್ವಕಾಲಿಕ ಹಕ್ಕೆಂದು ಹಿಡಿದುಕೊಂಡರೆ ಅದು ಓದೇ ಅಲ್ಲ ಎಂಬುದು ಅಬೂ ಝೈದರ ನಿಲುವು. ಗುಲಾಮಗಿರಿಯ ಉದಾಹರಣೆಯನ್ನೂ ಅವರು ಕೊಡುತ್ತಿದ್ದರು. ಗುಲಾಮರನ್ನು ಕುರಿತ ಆಜ್ಞೆಗಳು ಕುರ್‌ಆನಿನಲ್ಲಿವೆ, ಗುಲಾಮಗಿರಿ ಕಾನೂನಿನಲ್ಲಿ ಇಂದು ಇಲ್ಲ. ಆ ಆಯತ್‌ಗಳಿಗೆ ಈಗ ಉಳಿದಿರುವುದು ಚಾರಿತ್ರಿಕ ಅರ್ಥ. ಇದನ್ನು ಮನಸ್ಸಿನಲ್ಲಿ ಒಪ್ಪುವವರು ಉಳಿದ ಕಡೆ ಮಾತ್ರ ಏಕೆ ಬೆಚ್ಚುತ್ತಾರೆ?

ಜಿನ್ನುಗಳು, ಮಾಟ, ಕಣ್ಣುಬೀಳುವುದು ಇವುಗಳ ಬಗ್ಗೆ ಬರೆದದ್ದು ಇನ್ನಷ್ಟು ಸಿಟ್ಟಿಗೆ ಕಾರಣವಾಯಿತು. ಈ ಪದಗಳು ಪಠ್ಯದಲ್ಲಿರುವುದು ಆ ಜನರ ಮನಸ್ಸಿನಲ್ಲಿ ಅವು ಇದ್ದುದರಿಂದ, ಪದವಿದೆ ಎಂದಮಾತ್ರಕ್ಕೆ ವಸ್ತುವಿದೆ ಎಂದಾಗುವುದಿಲ್ಲ ಎಂದು ಅವರು ಹೇಳಿದರು.

1992ರಲ್ಲಿ ‘ಧಾರ್ಮಿಕ ಪ್ರವಚನದ ವಿಮರ್ಶೆ’ ಎಂಬ ಅವರ ಇನ್ನೊಂದು ಪುಸ್ತಕ ಹೊರಬಂತು. ಸೌಮ್ಯರೆನಿಸಿದ ಧರ್ಮಪಂಡಿತರಿಗೂ ಉಗ್ರವಾದಿಗಳಿಗೂ ಇರುವ ಅಂತರ ಪ್ರಮಾಣದ್ದೇ ಹೊರತು ಗುಣದ್ದಲ್ಲ ಎಂಬುದು ಅದರ ವಾದ. ಅದೇ ವರ್ಷ ಅವರು ಪೂರ್ಣ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರು. ಮೂರು ವರದಿಗಳಲ್ಲಿ ಎರಡು ಅನುಕೂಲ, ಒಂದು ಪ್ರತಿಕೂಲ. ಪ್ರತಿಕೂಲ ವರದಿ ಬರೆದವರು ಅಬ್ದುಸ್ಸಬೂರ್ ಶಾಹೀನ್. ಆಯ್ಕೆ ಸಮಿತಿ ಏಳಕ್ಕೆ ಆರು ಮತಗಳಿಂದ ಬಡ್ತಿಯನ್ನು ನಿರಾಕರಿಸಿತು. 1993ರ ಏಪ್ರಿಲ್‌ನಲ್ಲಿ ಶಾಹೀನ್ ಕೈರೋದ ಪ್ರಾಚೀನವಾದ ಅಮ್ರ್ ಇಬ್ನ್ ಅಲ್-ಆಸ್ ಮಸೀದಿಯ ಪ್ರವಚನಪೀಠದಿಂದ ಅಬೂ ಝೈದರನ್ನು ಧರ್ಮಭ್ರಷ್ಟರೆಂದು ಸಾರಿದರು. ಒಂದು ವರ್ಷದ ಹಿಂದಷ್ಟೇ ಲೇಖಕ ಫರಜ್ ಫೋದಾ ಉಗ್ರರ ಗುಂಡಿಗೆ ಬಲಿಯಾಗಿದ್ದರು. ಮರುವರ್ಷ ನೊಬೆಲ್ ಪುರಸ್ಕೃತ ನಗೀಬ್ ಮಹಫೂಝ್ ಅವರ ಕುತ್ತಿಗೆಗೆ ಚಾಕು ಬಿತ್ತು. ಆ ದಿನಗಳಲ್ಲಿ ‘ಧರ್ಮಭ್ರಷ್ಟ’ ಎಂಬ ಪದ ಬರಿಯ ಬೈಗುಳವಾಗಿರಲಿಲ್ಲ.

ದಾವೆಗೆ ಬಳಸಿದ ಅಸ್ತ್ರ ‘ಹಿಸ್ಬಾ’. ಸಮುದಾಯದ ಧರ್ಮರಕ್ಷಣೆಗಾಗಿ ಯಾವ ಮುಸ್ಲಿಮನೂ ನ್ಯಾಯಾಲಯದ ಬಾಗಿಲು ತಟ್ಟಬಹುದೆಂಬ ಹಳೆಯ ತತ್ವ ಅದು. ಗೀಝಾದ ಕೆಳ ನ್ಯಾಯಾಲಯ ಅರ್ಜಿದಾರರಿಗೆ ಇದರಲ್ಲಿ ಸ್ವಂತ ಹಿತಾಸಕ್ತಿ ಇಲ್ಲವೆಂದು 1994ರ ಜನವರಿಯಲ್ಲಿ ದಾವೆಯನ್ನು ವಜಾ ಮಾಡಿತು. ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು, 1996ರ ಆಗಸ್ಟಿನಲ್ಲಿ ದೇಶದ ಉಚ್ಚತಮ ನ್ಯಾಯಾಲಯ ಎತ್ತಿಹಿಡಿಯಿತು. ವಿಪರ್ಯಾಸವೆಂದರೆ ಮೇಲ್ಮನವಿ ತೀರ್ಪಿಗೆ ಎರಡು ವಾರ ಮೊದಲು ವಿಶ್ವವಿದ್ಯಾಲಯ ತನ್ನ ನಿಲುವನ್ನು ಬದಲಿಸಿ ಅವರಿಗೆ ಪ್ರಾಧ್ಯಾಪಕ ಹುದ್ದೆಯನ್ನು ಕೊಟ್ಟಿತ್ತು. ಅಂತರರಾಷ್ಟ್ರೀಯ ಟೀಕೆಯ ಬಳಿಕ, 1996ರಲ್ಲೇ, ಹಿಸ್ಬಾ ದಾವೆ ಹೂಡುವ ಅಧಿಕಾರವನ್ನು ಸರ್ಕಾರಿ ಅಭಿಯೋಜಕರಿಗೆ ಮಾತ್ರ ಸೀಮಿತಗೊಳಿಸುವ ಕಾಯಿದೆ ಬಂತು.

ನ್ಯಾಯಾಲಯದಲ್ಲಿ ಶಹಾದತ್ ಹೇಳಿ, ಅಂದರೆ ದೇವರೊಬ್ಬನೇ, ಮುಹಮ್ಮದರು ಆತನ ಪ್ರವಾದಿ ಎಂಬ ಸಾಕ್ಷ್ಯವಚನ ನುಡಿದು ಪಾರಾಗಬಹುದಿತ್ತು. ಅಬೂ ಝೈದ್ ಹಾಗೆ ಮಾಡಲಿಲ್ಲ. ಇನ್ನೊಬ್ಬರ ಎದೆ ಬಗೆದು ನಂಬಿಕೆ ಅಳೆಯುವ ಅಧಿಕಾರವನ್ನು ನ್ಯಾಯಾಧೀಶರಿಗೆ ತಾವೇ ಕೊಟ್ಟಂತಾಗುತ್ತದೆ ಎಂಬುದು ಕಾರಣ. 1995ರ ಜುಲೈನಲ್ಲಿ ದಂಪತಿ ದೇಶ ಬಿಟ್ಟು, ಸ್ಪೇನಿನ ಮೂಲಕ ಹಾಲೆಂಡಿನ ಲೈಡನ್ ಸೇರಿದರು. ಯುರೋಪಿನಲ್ಲಿ ತಮ್ಮನ್ನು ಇನ್ನೊಬ್ಬ ರಶ್ದಿಯಂತೆ ಮೆರೆಸುವುದನ್ನು ಅವರು ಒಪ್ಪಲಿಲ್ಲ. ತಾವು ಇಸ್ಲಾಮಿನ ಹೊರಗೆ ನಿಂತು ಮಾತಾಡುವವರಲ್ಲ ಎನ್ನುತ್ತಿದ್ದರು.

ವಿರೋಧಿಸಿದವರೆಲ್ಲ ಒಂದೇ ತರಹದವರೆಂದು ತಿಳಿಯುವುದು ತಪ್ಪು. ಮುಹಮ್ಮದ್ ಇಮಾರಾ ಎಂಬ ಚಿಂತಕರು ಅಬೂ ಝೈದರದು ಮಾರ್ಕ್ಸ್‌ವಾದಿ ವ್ಯಾಖ್ಯಾನವೆಂದು ಪುಸ್ತಕವನ್ನೇ ಬರೆದು ಖಂಡಿಸಿದರು, ಆದರೆ ಇಂಥ ವಾದ ತೀರ್ಮಾನವಾಗಬೇಕಾದ ಜಾಗ ನ್ಯಾಯಾಲಯವಲ್ಲ ಎಂದರು. ವಿದ್ವತ್ತಿನ ನೆಲೆಯಿಂದ ಬಂದ ಆಕ್ಷೇಪಗಳಲ್ಲೂ ಹುರುಳಿತ್ತು. ಅರ್ಥ ನಿಶ್ಚಿತ, ತಾತ್ಪರ್ಯ ಚಲನಶೀಲ ಎನ್ನುವಾಗ ಚಲನೆಯ ದಿಕ್ಕನ್ನು ಗೊತ್ತುಮಾಡುವವರು ಯಾರು? ಸಮಾನತೆಯ ದಿಕ್ಕು ಪಠ್ಯದ್ದೋ, ಇಪ್ಪತ್ತನೆಯ ಶತಮಾನದ ಓದುಗನದೋ? ಓದುಗನದಾದರೆ ಅದೂ ಒಂದು ತಲ್ವೀನ್ ಆಗಲಿಲ್ಲವೆ?

ಈ ಪ್ರಶ್ನೆಯ ಮೊನೆ ಅಬೂ ಝೈದರಿಗೂ ತಾಗಿರಬೇಕು. ದೇಶಾಂತರದಲ್ಲಿದ್ದಾಗ ಅವರು ತಮ್ಮದೇ ಸಿದ್ಧಾಂತವನ್ನು ತಿದ್ದಿದರು. ಉತ್ರೆಖ್ತ್‌ನಲ್ಲಿ ಇಬ್ನ್ ರುಶ್ದ್ ಹೆಸರಿನ ಪೀಠವನ್ನು ವಹಿಸಿಕೊಂಡು 2004ರಲ್ಲಿ ಮಾಡಿದ ಭಾಷಣದಲ್ಲಿ, ಕುರ್‌ಆನನ್ನು ಬರೀ ಪಠ್ಯವೆಂದು ಹಿಡಿದದ್ದು ಸಾಲದೆಂದು ಹೇಳಿದರು. ಪಠ್ಯವೆಂದಕೂಡಲೇ ಒಬ್ಬ ಕರ್ತೃ, ಒಂದೇ ಸುಸಂಗತ ಅರ್ಥ ಬೇಕಾಗುತ್ತದೆ. ಆಗ ಸುಧಾರಕ ತನಗೆ ಬೇಕಾದ ಆಯತನ್ನು ಮೂಲತತ್ವವೆನ್ನುತ್ತಾನೆ, ಸಂಪ್ರದಾಯಸ್ಥ ತನಗೆ ಬೇಕಾದದ್ದನ್ನು ಮೂಲತತ್ವವೆನ್ನುತ್ತಾನೆ, ಹಗ್ಗಜಗ್ಗಾಟ ಮುಗಿಯುವುದಿಲ್ಲ. ಕುರ್‌ಆನ್ ಎಂಬ ಪದಕ್ಕೇ ಪಠಣ ಎಂಬ ಅರ್ಥವಿದೆ. ಹೊತ್ತಗೆಯ ರೂಪ ಬಂದದ್ದು ಪ್ರವಾದಿಯವರು ತೀರಿಕೊಂಡ ಮೇಲೆ. ಅದಕ್ಕೂ ಮೊದಲು ಅದು ಮಾತು: ನಂಬಿದವರೊಡನೆ, ನಂಬದವರೊಡನೆ, ಯಹೂದಿಗಳೊಡನೆ, ಕ್ರೈಸ್ತರೊಡನೆ ನಡೆದ ಮಾತುಕತೆ. ‘ಅವರು ನಿನ್ನನ್ನು ಕೇಳುತ್ತಾರೆ’, ‘ನೀನು ಹೀಗೆ ಹೇಳು’ ಎಂಬ ಧಾಟಿ ಉದ್ದಕ್ಕೂ ಕಾಣುವುದು ಅದಕ್ಕಾಗಿಯೇ. ಒಂದೊಂದು ಮಾತಿಗೂ ಆಡುವವರಾರು, ಕೇಳುವವರಾರು, ಅದು ವಾಗ್ವಾದವೋ ಸಂಧಾನವೋ ಬೆದರಿಕೆಯೋ ಸಾಂತ್ವನವೋ ಎಂಬುದನ್ನು ಮೊದಲು ಗುರುತಿಸಬೇಕು. ಯುದ್ಧದ ನಡುವೆ ಶತ್ರುವಿಗೆ ಆಡಿದ ಮಾತನ್ನು ಎಲ್ಲ ಕಾಲದ ಎಲ್ಲ ಅನ್ಯಮತೀಯರಿಗೂ ಕೊಟ್ಟ ಕಾಯಿದೆ ಎಂದು ಓದುವ ಅಪಾಯ ಆಗ ಕಡಿಮೆಯಾಗುತ್ತದೆ.

ಈ ಎರಡನೆಯ ವಿಧಾನ ಮೊದಲನೆಯದಕ್ಕಿಂತ ಸೂಕ್ಷ್ಮವಾದದ್ದು, ಕಷ್ಟದ್ದು ಕೂಡ. ಅನೇಕ ದನಿಗಳ ಮಾತುಕತೆಯಿಂದ ನ್ಯಾಯಾಧೀಶ ಕಾನೂನನ್ನು ಹೇಗೆ ತೆಗೆಯಬೇಕು? ಅಬೂ ಝೈದರ ಉತ್ತರ, ತೆಗೆಯಬೇಕಾಗಿಲ್ಲ ಎಂಬುದಕ್ಕೆ ಹತ್ತಿರವಾಗಿತ್ತು. ಕಾನೂನು ಮನುಷ್ಯರು ಮಾಡಿಕೊಳ್ಳಬೇಕಾದ್ದು. ಶರೀಅತ್ ಹೆಸರಿನಲ್ಲಿ ಬಂದಿರುವ ಬಹುಭಾಗವನ್ನೂ ಫಕೀಹರು, ಎಂದರೆ ಧರ್ಮಶಾಸ್ತ್ರಜ್ಞರು, ತಮ್ಮ ಕಾಲದಲ್ಲಿ ಮಾಡಿದ್ದೇ ಎಂದು ಅವರು ವಾದಿಸಿದರು. ಇದನ್ನು ಒಪ್ಪದವರ ಸಂಖ್ಯೆ ದೊಡ್ಡದು. 2009ರ ಡಿಸೆಂಬರಿನಲ್ಲೂ ಉಪನ್ಯಾಸಕ್ಕೆಂದು ಹೋದ ಅವರನ್ನು ಕುವೈತ್ ದೇಶದೊಳಗೆ ಬಿಟ್ಟುಕೊಳ್ಳಲಿಲ್ಲ.

2010ರ ಜುಲೈ 5ರಂದು ಅವರು ಕೈರೋದಲ್ಲಿ ತೀರಿಕೊಂಡರು. ಹುಟ್ಟಿದ ಕುಹಾಫಾದಲ್ಲಿಯೇ ದಫನವಾಯಿತು. ಆಡುಮಾತಿನ ಈ ವಿಧಾನವನ್ನು ಅವರು ಭಾಷಣ, ಲೇಖನಗಳಲ್ಲಿ ಬಿಡಿಬಿಡಿಯಾಗಿ ವಿವರಿಸಿದರೇ ಹೊರತು, ಅದನ್ನು ಅನುಸರಿಸಿ ಕುರ್‌ಆನಿಗೆ ಮೊದಲಿನಿಂದ ಕೊನೆಯವರೆಗೆ ಒಂದು ವ್ಯಾಖ್ಯಾನವನ್ನು ಬರೆಯಲಿಲ್ಲ.